ಕಳ್ಳ ಸಂಬಂಧಗಳ ಪಟ್ಟಿ ನಿಮ್ಮ ಕೈಗೆ ಸಿಕ್ಕರೆ ಏನು ಮಾಡಬೇಕು?

ಯಾರ್ಯಾರದೋ ಗುಟ್ಟು ಇರುವ ಫೈಲ್ ನಿಮ್ಮ ಫೋನಿಗೆ ಬಂತು ಅಂದುಕೊಳ್ಳಿ. ಮೊದಲು, ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಪರಿಚಯದವರ ಹೆಸರು ಇದೆಯಾ ಅಂತ ಹುಡುಕಲೂಬೇಡಿ. ಕುತೂಹಲ ಇದ್ದೇ ಇರುತ್ತದೆ, ಆದರೂ ಬೇಡ. ಅಳಿಸಿಬಿಡಿ.

ಯಾಕೆ ಅಂತ ಕೇಳಿದರೆ ಆಶ್ಲೆ ಮ್ಯಾಡಿಸನ್ ಕಥೆ ನೋಡಿ. ಮದುವೆಯಾದವರಿಗೆ ಹೊರಗಿನ ಸಂಬಂಧ ಹುಡುಕಿಕೊಡುವ ಕೆನಡಾದ ಸೈಟ್ ಅದು. 2015ರ ಜುಲೈನಲ್ಲಿ ಇಂಪ್ಯಾಕ್ಟ್ ಟೀಮ್ ಅನ್ನುವ ಹ್ಯಾಕರ್‌ಗಳು ಸೈಟ್ ಮುಚ್ಚಿ ಅಂತ ಬೆದರಿಸಿದರು, ಆಗಸ್ಟ್‌ನಲ್ಲಿ 3 ಕೋಟಿಗೂ ಜಾಸ್ತಿ ಖಾತೆಗಳ ವಿವರ ಬಯಲಿಗೆ ಸುರಿದರು. ಅವರ ಒಂದು ಆರೋಪ ನಿಜವೇ ಆಗಿತ್ತು: 19 ಡಾಲರ್ ಕೊಟ್ಟರೆ ಎಲ್ಲ ಅಳಿಸುತ್ತೇವೆ ಅಂದ ಕಂಪನಿ, ದುಡ್ಡು ತಗೊಂಡ ಮೇಲೂ ಒಂದಷ್ಟು ಮಾಹಿತಿ ಇಟ್ಟುಕೊಂಡಿತ್ತು. ಆದರೆ ಪೆಟ್ಟು ಬಿದ್ದಿದ್ದು ಅದೇ ಗ್ರಾಹಕರಿಗೆ, ಏನೂ ತಪ್ಪು ಮಾಡದ ಅವರ ಹೆಂಡತಿ, ಗಂಡ, ಮಕ್ಕಳಿಗೆ. ಅಮೆರಿಕದಲ್ಲಿ ಒಬ್ಬ ಪಾದ್ರಿ ಪಟ್ಟಿ ಹೊರಬಿದ್ದ ಒಂದೇ ವಾರದೊಳಗೆ ಪ್ರಾಣ ಕಳೆದುಕೊಂಡರು. ಇದನ್ನು ನ್ಯಾಯ ಅನ್ನಲು ನನ್ನಿಂದಾಗದು.

ಹೆಸರು ಕಂಡ ತಕ್ಷಣ ತೀರ್ಪು ಕೊಡಬೇಡಿ. ಆ ಸೈಟ್ ಇಮೇಲ್ ನಿಜವಾಗಿ ಯಾರದು ಅಂತ ಖಚಿತ ಮಾಡಿಕೊಳ್ಳುತ್ತಲೇ ಇರಲಿಲ್ಲ. ನಿಮ್ಮ ವಿಳಾಸ ಹಾಕಿ ಬೇರೆ ಯಾರು ಬೇಕಾದರೂ ಖಾತೆ ತೆರೆಯಬಹುದಿತ್ತು. ಇಮೇಲ್ ನಿಜವಾಗಿ ಅವರದೇ ಆಗಿದ್ದರೂ, ಅವರು ಯಾರನ್ನಾದರೂ ಭೇಟಿಯಾದರಾ, ಮದುವೆ ಆಗಲೇ ಮುರಿದಿತ್ತಾ, ಇಬ್ಬರೂ ಒಪ್ಪಿಯೇ ಇದ್ದರಾ, ಸುಮ್ನೆ ಒಮ್ಮೆ ಇಣುಕಿ ನೋಡಿದರಾ, ಇದೆಲ್ಲ ಆ ಒಂದು ಸಾಲಿನಿಂದ ಹೇಗೆ ಗೊತ್ತಾಗಬೇಕು?

ಹುಡುಕುವ ಸೌಲಭ್ಯ ಮಾಡಿಕೊಡುವವರು ನೀವಾದರೆ ಟ್ರಾಯ್ ಹಂಟ್ ಮಾಡಿದ್ದನ್ನು ಮಾಡಿ. ಸೋರಿದ ಡೇಟಾದಲ್ಲಿ ನಮ್ಮ ಇಮೇಲ್ ಇದೆಯಾ ಅಂತ ತಿಳಿಸುವ ಸೈಟ್ ಅವರದು. ಈ ಪಟ್ಟಿಯನ್ನು ಮಾತ್ರ ಅವರು ಎಲ್ಲರಿಗೂ ತೆರೆದಿಡಲಿಲ್ಲ. ಆ ಇಮೇಲ್ ತನ್ನದೇ ಅಂತ ತೋರಿಸಿದವರಿಗಷ್ಟೇ ಉತ್ತರ ಸಿಗುತ್ತಿತ್ತು.

ಸಾರ್ವಜನಿಕ ವ್ಯಕ್ತಿಯ ಹೆಸರಿದ್ದರೆ? ಅಧಿಕಾರ ದುರುಪಯೋಗ, ಸರ್ಕಾರದ ದುಡ್ಡು ಸೇರಿಕೊಂಡಿದ್ದರೆ ಬೇರೆ ಮಾತು. ಆಗಲೂ ಬೇರೆ ಪುರಾವೆ ಬೇಕು, ಅವರನ್ನೇ ಕೇಳಬೇಕು. ಬರೀ ಹಾಸಿಗೆ ವಿಷಯವಾದರೆ ಬಿಟ್ಟುಬಿಡಿ.

ಸಂಶಯ ನಿಮ್ಮ ಸಂಗಾತಿಯ ಮೇಲೇ ಇದ್ದರೆ ಎದುರಿಗೆ ಕೂತು ಕೇಳಿ. ಕೇಳುವ ಹಕ್ಕು ನಿಮಗಿದೆ, ಊರಿಗೆ ಸಾರುವ ಅಗತ್ಯವಿಲ್ಲ.

ನಿಮ್ಮ ಹೆಸರೇ ಪಟ್ಟಿಯಲ್ಲಿದ್ದರೆ ಪಾಸ್‌ವರ್ಡ್ ಬದಲಿಸಿ, ಅದನ್ನೇ ಬೇರೆ ಕಡೆ ಬಳಸಿದ್ದರೆ ಅಲ್ಲೂ ಬದಲಿಸಿ. ಅಂದು ಬಿಟ್‌ಕಾಯಿನ್ ಕಳಿಸು, ಇಲ್ಲದಿದ್ದರೆ ಮನೆಯವರಿಗೆ ಹೇಳುತ್ತೇವೆ ಅಂತ ಎಷ್ಟೋ ಜನರಿಗೆ ಮೇಲ್ ಬಂದಿತ್ತು. ಅಂಥದ್ದು ಬಂದರೆ ದುಡ್ಡು ಕೊಡಬೇಡಿ, ಮತ್ತೆ ಕೇಳುತ್ತಾರೆ. ಮೇಲ್ ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ.