ಮಷಿನ್ ಒಗ್ಗವಲ್ದು ಅಂದ ಮಾಸ್ತರರು

“ಮಷಿನ್ ಮೈಗೆ ಒಗ್ಗವಲ್ದು ನೋಡ್ರಿ ಮೇಡಂ, ತೆಗೆಸಿಬಿಡ್ರಿ.” ಚಿತ್ತಾಪುರ ಕಡೆಯ ಆ ನಿವೃತ್ತ ಮಾಸ್ತರರು ಕೂತ ಕೂಡಲೇ ಆಡಿದ ಮಾತು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಒಳಗೆ ಕೂರಿಸುವ ಮಷಿನ್, ಹಾಕಿಸಿ ಎರಡು ವರ್ಷವಾಗಿತ್ತು. ಕಿವಿ ಹಿಂದೆ ಕೆಂಪು, ತುರಿಕೆ, ನೀರು ಒಸರುತ್ತಿತ್ತು. ಬೇರೆ ಕಡೆ ಯಾರೋ ‘ಇಂಪ್ಲಾಂಟ್ ಅಲರ್ಜಿ’ ಅಂತ ಒಂದೇ ಮಾತಲ್ಲಿ ಮುಗಿಸಿದ್ದರು.

ನಾನು ಕಲಬುರಗಿಯಲ್ಲಿ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ. ಇಂಥ ದೂರು ಬಂದರೆ ಮೊದಲು ಕಾಯಿಲ್ (ಒಳಗಿನ ಭಾಗಕ್ಕೆ ಸದ್ದು ದಾಟಿಸುವ ದುಂಡನೆ ಬಿಲ್ಲೆ) ತೆಗೆದು ಕಲೆಯ ಆಕಾರ ನೋಡುತ್ತೇನೆ. ಹೊರಗಿನ ಕಾಯಿಲ್ ಮ್ಯಾಗ್ನೆಟ್‌ನಿಂದ ತಲೆಗೆ ಅಂಟಿಕೊಂಡಿರುತ್ತದೆ. ಬಿಗಿ ಜಾಸ್ತಿಯಾದರೆ ಅದರಷ್ಟೇ ಅಗಲದ ದುಂಡನೆ ಕೆಂಪು ಮೂಡುತ್ತದೆ. ನನ್ನ ಹತ್ತಿರ ಬರುವ ಹೆಚ್ಚಿನ ದೂರು ಇಷ್ಟೇ, ಮ್ಯಾಗ್ನೆಟ್ ಒಂದು ನಂಬರ್ ಇಳಿಸಿದರೆ ಮುಗೀತು. ಮಾಸ್ತರರದ್ದು ಹಾಗಿರಲಿಲ್ಲ. ಕೆಂಪು ಕೂದಲಂಚಿಗುಂಟ ಕತ್ತಿನವರೆಗೆ ಹರಿದಿತ್ತು. ಮಷಿನ್ ಇಲ್ಲದ ಎಡಗಿವಿಯ ಮೇಲೂ ಸಣ್ಣ ಗುಳ್ಳೆ! ಕೂದಲು ಕಾಡಿಗೆಯಂತೆ ಕಪ್ಪು, ಬುಡದಲ್ಲಿ ಮಾತ್ರ ಅಕ್ಕಿಕಾಳಷ್ಟು ಬಿಳಿ.

ಕಾಯಿಲ್ ನನ್ನ ಕೈಯಲ್ಲಿತ್ತಲ್ಲ, ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಚೀಟಿಯಲ್ಲಿ ಬರೆದೆ: ‘ತಲೆಗೆ ಏನು ಹಚ್ತೀರಿ?’

“ಕಾಳಿ ಮೆಹಂದಿರಿ. ಹದಿನೈದು ದಿನಕ್ಕೊಮ್ಮೆ.”

ಇಂಥ ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದು ಕೆಲವರಿಗೆ ಆಗಿಬರುವುದಿಲ್ಲ, ವರ್ಷಗಟ್ಟಲೆ ಹಚ್ಚಿದ ಮೇಲೂ ಒಮ್ಮೆಲೇ ಕಾಡಬಹುದು. ಹಾಗಂತ ಇಂಪ್ಲಾಂಟನ್ನು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ. ಒಳಗಿನ ಭಾಗದಲ್ಲಿ ಸಿಲಿಕೋನ್ ಹೊದಿಕೆ, ಟೈಟಾನಿಯಂ, ಪ್ಲಾಟಿನಂ ಇರುತ್ತವೆ. ಅಪರೂಪಕ್ಕೆ ಸಿಲಿಕೋನ್ ಆಗದೆ ಇಂಪ್ಲಾಂಟನ್ನೇ ತೆಗೆದದ್ದೂ ಉಂಟು. ಅದಕ್ಕೇ ಕಂಪನಿಗೆ ಬರೆದು ಸಿಲಿಕೋನ್, ಟೈಟಾನಿಯಂ ಸ್ಯಾಂಪಲ್ ತರಿಸಿದೆ. ಇವನ್ನೂ ಪಿಪಿಡಿಯನ್ನೂ ಬೆನ್ನಿಗೆ ಅಂಟಿಸಿ ಚರ್ಮ ಕೆರಳುತ್ತದೆಯೇ ಎಂದು ನೋಡುವ ಪ್ಯಾಚ್ ಟೆಸ್ಟ್ ಮಾಡಲು ಚರ್ಮದ ಡಾಕ್ಟರ್ ಒಪ್ಪಿದರು.

ಆದರೆ ಆಗ ಮೇ ತಿಂಗಳು. ಬೆನ್ನಿಗೆ ಅಂಟಿಸಿದ ಪಟ್ಟಿ ಎರಡು ದಿನ ಒದ್ದೆಯಾಗಬಾರದು, ಸ್ನಾನವೂ ಇಲ್ಲ. ನಮ್ಮೂರಿನ 42 ಡಿಗ್ರಿ ಬಿಸಿಲಿಗೆ ಅದು ಸಂಜೆಯೊಳಗೆ ಬೆವರಲ್ಲಿ ಜಾರಿಬಿಡುತ್ತದೆ. ಚರ್ಮವೂ ಮೊದಲು ಆರಬೇಕಿತ್ತು. ಡಾಕ್ಟರ್ ಮುಲಾಮು ಕೊಟ್ಟರು, ಕಾಳಿ ಮೆಹಂದಿ ಬಿಡಿಸಿದರು. ಟೆಸ್ಟನ್ನು ಮಳೆಗಾಲಕ್ಕೆ ಮುಂದೂಡಿದೆವು. ಮಾಸ್ತರರಿಗೆ ಇದು ಸರಿಬರಲಿಲ್ಲ. ಬಿಳಿ ತಲೆ ಹೊತ್ತು ಮದುವೆ ಸೀಸನ್ ಕಳೆಯಬೇಕಲ್ಲ!

ಜುಲೈನಲ್ಲಿ ಟೆಸ್ಟ್ ಆಯಿತು. 48 ಗಂಟೆಗೆ ಪಟ್ಟಿ ಕಿತ್ತಾಗ ಪಿಪಿಡಿ ಜಾಗದಲ್ಲಿ ಗುಳ್ಳೆ ಎದ್ದಿತ್ತು. 96 ಗಂಟೆಗೆ ಅದು ಇನ್ನೂ ಕೆರಳಿತ್ತು. ಸಿಲಿಕೋನ್, ಟೈಟಾನಿಯಂ ಇಟ್ಟ ಜಾಗದಲ್ಲಿ ಒಂದು ಗೆರೆಯೂ ಇರಲಿಲ್ಲ. ಇಂಪ್ಲಾಂಟ್ ಇದ್ದಲ್ಲೇ ಉಳಿಯಿತು.

ಮುಂದಿನ ಚೆಕಪ್‌ಗೆ ಪೂರ್ತಿ ಬಿಳಿ ಕೂದಲಲ್ಲಿ ಬಂದರು.

“ಈಗ ಎಲ್ಲಾರೂ ಅಜ್ಜಾ ಅಂತಾರ್ರೀ ಮೇಡಂ,” ಅಂದರು. “ಛಲೋ ಕೇಳಸ್ತದ.”