ಅಡಿಕೆ ಸುಲಿಯುವಾಗ 377ರ ಮಾತು ಬಂದ್ರೆ ಎಂತ ಮಾಡೂದು

ಶಿರಸಿ ಕಡೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಯ್ತು ಅಂದ್ರೆ ರಾತ್ರಿ ಅಡಿಕೆ ಸುಲಿಯೋಕೆ ಕೂತಲ್ಲಿ ಬರದ ವಿಷಯ ಇಲ್ಲ. ಅಡಿಕೆ ರೇಟು, ಮಂಗನ ಕಾಟ, ಮೊನ್ನೆಯ ಯಕ್ಷಗಾನದ ಆಟದಲ್ಲಿ ಭಾಗವತರ ಪದ, ಬೆಂಗಳೂರಲ್ಲಿರೋ ಮಾಣಿಗೆ ಮದುವೆಗೆ ಕೂಸು (ಹುಡುಗಿ) ಸಿಗದೆ ಇರೋದು, ಇದೆಲ್ಲ ಮುಗಿದು ಹತ್ತು ಗಂಟೆ ದಾಟಿದ ಮೇಲೆ ಯಾರೋ ಒಬ್ರು "ಈಗ ಗಂಡಸು ಗಂಡಸು ಒಟ್ಟಿಗಿದ್ರೂ ಕೇಸಿಲ್ಲೆಡ" ಅಂತ ತೆಗೀತಾರೆ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ 377ರ (ಗಂಡಸು ಗಂಡಸಿನ ಸಂಬಂಧವನ್ನ ಅಪರಾಧ ಅಂತಿದ್ದ ಐಪಿಸಿ, ಅಂದ್ರೆ ಹಳೇ ದಂಡ ಸಂಹಿತೆಯ ಸೆಕ್ಷನ್) ತೀರ್ಪು, 27ಕ್ಕೆ 497 (ಹಾದರದ ಸೆಕ್ಷನ್), ಮಾರನೇ ದಿನವೇ ಶಬರಿಮಲೆ (ಆ ದೇವಸ್ಥಾನಕ್ಕೆ ಎಲ್ಲ ವಯಸ್ಸಿನ ಹೆಂಗಸರ ಪ್ರವೇಶ), ಮೂರೂ ಒಂದೇ ತಿಂಗಳಲ್ಲಿ ಬಂದು ಬಿದ್ದಿದ್ದಕ್ಕೆ ನಮ್ಮನೇಲಿ ಆ ವರ್ಷದ ಸುಲಿಯೋ ಸೀಸನ್ ಪೂರ್ತಿ ಇದೇ ನಡೀತು. ನಾನು ಆಗ ಭಯಂಕರ ಕೆಟ್ಟದಾಗಿ ವಾದ ಮಾಡ್ದೆ, ದೊಡ್ಡಪ್ಪ ಕತ್ತಿ ಅಲ್ಲೇ ಬಿಟ್ಟು ಎದ್ದು ಹೋಗಿ ಕತ್ತಲಲ್ಲಿ ಅಂಗಳದ ಕಟ್ಟೆ ಮೇಲೆ ಕವಳ ಹಾಕ್ಕೊಂಡು ಕೂತ್ರು, ಎರಡು ದಿನ ಮಾತಿಲ್ಲ. ಆಮೇಲೆ ವರ್ಷವರ್ಷ ಸ್ವಲ್ಪ ಸ್ವಲ್ಪ ಕಲ್ತಿದ್ದು ಇಲ್ಲಿ ಬರೀತಿದ್ದೀನಿ, ನಿಮ್ಮನೆ ಜಗಲಿಗೂ ಉಪಯೋಗ ಆಗ್ಬಹುದು.

ಮೊದಲು ನೋಡ್ಬೇಕಾದ್ದು, ಎದುರಿಗಿರೋರು ಯಾವ ಪ್ರಶ್ನೆಗೆ ಉತ್ತರ ಕೊಡ್ತಿದ್ದಾರೆ ಅಂತ. ಇದು ತಪ್ಪಾ, ಇದು ಪಾಪವಾ, ಇದಕ್ಕೆ ಪೊಲೀಸ್ ಬರ್ಬೇಕಾ, ಈ ಮೂರೂ ಬೇರೆ ಬೇರೆ, ಆದ್ರೆ ಮಾತಾಡುವಾಗ ಒಂದೇ ಉಂಡೆ ಆಗಿರ್ತದೆ. ನಾನು ಮಾಡ್ತಿದ್ದ ತಪ್ಪು ಅಂದ್ರೆ ಮೊದಲನೇದಕ್ಕೇ ಜೋತು ಬೀಳೋದು, "ಅದ್ರಲ್ಲಿ ತಪ್ಪೇನಿದೆ" ಅಂತ ಕೇಳೋದು. ಕೇಳ್ಬೇಡಿ. ಎಪ್ಪತ್ತು ವರ್ಷದ ಮನುಷ್ಯನ ಸರಿ ತಪ್ಪು ಒಂದು ರಾತ್ರಿಗೆ ಬದಲಾಗಲ್ಲ. ಅದರ ಬದ್ಲು "ಸರಿ ದೊಡ್ಡಪ್ಪ, ತಪ್ಪು ಅಂತ್ಲೇ ಇಟ್ಕೊಳೋಣ, ಜೈಲಿಗೂ ಹಾಕ್ಬೇಕಾ?" ಅಂತ ಕೇಳಿ ಸುಮ್ನಿದ್ದು ಎರಡು ಅಡಿಕೆ ಸುಲೀರಿ. ಆ ಗ್ಯಾಪಲ್ಲಿ ಅವ್ರೇ ಯೋಚನೆ ಮಾಡ್ತಾರೆ.

ಶುರು ಮಾಡೋದು 377ರಿಂದ ಬೇಡ, 309ರಿಂದ ಮಾಡಿ. ಆತ್ಮಹತ್ಯೆಗೆ ಪ್ರಯತ್ನ ಮಾಡಿ ಬದುಕಿ ಉಳಿದವ್ರಿಗೆ ಐಪಿಸಿ 309ರಲ್ಲಿ ಒಂದು ವರ್ಷದ ತನಕ ಜೈಲು ಇತ್ತು. ಅದು ಮಹಾಪಾಪ ಅನ್ನೋದ್ರಲ್ಲಿ ನಮ್ಮ ಭಟ್ರಿಗೂ ಕಾರವಾರದ ಪಾದ್ರಿಗೂ ಭಟ್ಕಳದ ಮೌಲ್ವಿಗೂ ಜಗಳ ಇಲ್ಲ, ಆದ್ರೆ ಬದುಕಿ ಬಂದವ್ರನ್ನ ಜೈಲಿಗೆ ಹಾಕಿ ಅಂತ ಯಾರೂ ಹೇಳಲ್ಲ. ನಮ್ಮೂರಲ್ಲೇ ಒಬ್ಬ ಹುಡುಗ ಹಂಗೆ ಉಳ್ಕೊಂಡಾಗ ಅವನ ಅಪ್ಪ ಆಸ್ಪತ್ರೆ ವರಾಂಡದಲ್ಲಿ ಡಾಕ್ಟ್ರ ಹತ್ರ ಮೊದಲು ಕೇಳಿದ್ದು "ಕೇಸ್ ಆಗ್ತದಾ" ಅಂತ, ಮಗ ಹೆಂಗಿದಾನೆ ಅಂತ ಕೇಳಿದ್ದು ಆಮೇಲೆ. ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಲಿ ಹುಡುಗನ ಶರ್ಟು, ಅದನ್ನ ಮಡಚ್ತಾ ಬಿಚ್ತಾ ನಿಂತಿದ್ರು. ಅಲ್ಲೇ ಇದ್ದ ದೊಡ್ಡಪ್ಪಂಗೆ ಇದನ್ನ ನೆನಪು ಮಾಡಿದ್ರೆ ಸಾಕು, ಪಾಪ ಬೇರೆ ಅಪರಾಧ ಬೇರೆ ಅನ್ನೋದು ಅವ್ರ ಬಾಯಿಂದ್ಲೇ ಬರ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವ್ರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳ್ಕೊಳ್ಬೇಕು, ಸರ್ಕಾರ ಚಿಕಿತ್ಸೆ ಕೊಡ್ಬೇಕು ಅಂತ ಹೇಳ್ತು. 2024ರ ಜುಲೈ 1ರಿಂದ ಐಪಿಸಿ ಬದ್ಲು ಬಂದ ಭಾರತೀಯ ನ್ಯಾಯ ಸಂಹಿತೇಲಿ ಆ ಸೆಕ್ಷನ್ನೇ ಇಲ್ಲ, ಸರ್ಕಾರಿ ನೌಕರನ ಮೇಲೆ ಒತ್ತಡ ಹಾಕೋಕೆ ಹಂಗೆ ಮಾಡಿದ್ರೆ ಮಾತ್ರ ಅಪರಾಧ.

ಒಂದು ಸಲ ಅಲ್ಲಿಗೆ ಬಂದ್ರೆ 497 ಸುಲಭ. ಇದ್ರಲ್ಲಿ ತತ್ವ ಹೇಳೋಕೆ ಹೋಗ್ಬೇಡಿ, ಸೆಕ್ಷನ್ನಲ್ಲಿ ಏನಿತ್ತು ಅಂತ ಹೇಳಿ, ಯಾಕಂದ್ರೆ ಮುಕ್ಕಾಲು ಜನಕ್ಕೆ ಅದು ಸಂಸಾರ ಕಾಯೋ ಕಾನೂನು ಅಂತ್ಲೇ ನಂಬಿಕೆ. ಇನ್ನೊಬ್ಬನ ಹೆಂಡ್ತಿ ಜೊತೆ ಸಂಬಂಧ ಇಟ್ಕೊಂಡ ಗಂಡಸಿಗೆ ಐದು ವರ್ಷದ ತನಕ ಜೈಲು, ದೂರು ಕೊಡೋ ಹಕ್ಕು ಆ ಹೆಂಗಸಿನ ಗಂಡಂದು, ಗಂಡನೇ ಒಪ್ಪಿದ್ರೆ ಅಪರಾಧವೇ ಅಲ್ಲ, ಮದುವೆ ಆಗದ ಹೆಂಗಸಿನ ಹತ್ರ ಹೋದ್ರೂ ಅಲ್ಲ, ಮೋಸ ಮಾಡಿದವನ ಹೆಂಡ್ತಿ ಮನೇಲಿ ಅಳ್ತಾ ಕೂತಿದ್ರೆ ಅವಳಿಗೆ ಈ ಸೆಕ್ಷನ್ನಲ್ಲಿ ಜಾಗವೇ ಇಲ್ಲ. ಬೇಲಿ ಹಾರಿ ಪಕ್ಕದವರ ತೋಟಕ್ಕೆ ನುಗ್ಗಿದ್ರೆ ತೋಟದ ಯಜಮಾನ ಕಂಪ್ಲೇಂಟ್ ಕೊಡ್ತಾನಲ್ಲ, ಹಂಗೆ. ನಾನು ಇದನ್ನ ಹೇಳ್ತಿದ್ದಾಗ ಒಳಗಿಂದ ಆಸ್ರಿ (ಕುಡಿಯೋಕೆ) ತಂದ ಆಯಿ ಲೋಟ ಕೆಳಗಿಡ್ದೆ ನಿಂತು "ಹಂಗಾರೆ ಹೆಂಡ್ತಿ ಕಂಪ್ಲೇಂಟ್ ಕೊಡಲೆ ಆಗ್ತಿತ್ತಿಲ್ಯ?" ಅಂತ ಕೇಳಿದ್ಲು, ಮತ್ತೆ ನಾನು ಏನೂ ಹೇಳೋದು ಬೇಕಾಗ್ಲಿಲ್ಲ. ವಿಚ್ಛೇದನಕ್ಕೆ ಅದು ಈಗ್ಲೂ ಕಾರಣ ಆಗ್ತದೆ, ಹೋಗಿದ್ದು ಜೈಲು ಮಾತ್ರ, ಇದನ್ನೂ ಮರೀದೆ ಹೇಳಿ.

ಈಗ ಶಾಸ್ತ್ರದ ಭಾಗ, ಇಲ್ಲಿ ಹುಷಾರಿ ಬೇಕು. ಇಂಟರ್ನೆಟ್ ಓದಿದವ್ರು ಮನುಸ್ಮೃತಿಯ ಹನ್ನೊಂದನೇ ಅಧ್ಯಾಯ ಎತ್ತಿ, ಗಂಡಸು ಗಂಡಸಿನ ಜೊತೆ ಸೇರಿದ್ರೆ ಸಚೇಲ ಸ್ನಾನ, ಅಂದ್ರೆ ಉಟ್ಟ ಬಟ್ಟೇಲೇ ಸ್ನಾನ ಮಾಡಿದ್ರೆ ಆಯ್ತು ಅಂದಿದೆ, ಜೀವಾವಧಿ ತನಕ ಎಳೆದಿದ್ದು 1860ರ ಬ್ರಿಟಿಷ್ ಐಪಿಸಿ ಅಂತಾರೆ. ಮಾತು ಸುಳ್ಳಲ್ಲ. ಎತ್ತಿನ ಗಾಡೀಲಿ ಹೆಂಗಸಿನ ಜೊತೆ ಸೇರಿದವನಿಗೂ ಅದೇ ಶ್ಲೋಕದಲ್ಲಿ ಅದೇ ಸ್ನಾನ, ಇದನ್ನ ಹೇಳಿದಾಗ ನಮ್ಮ ಜಗಲಿ ಪೂರ್ತಿ ನಕ್ಕಿತ್ತು. ಆದ್ರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಕಡೆ ಇದ್ರಿಂದ ಜಾತಿ ಹೋಗ್ತದೆ ಅಂತಲೂ ಇದೆ, ಹಾದರ ಮಾಡಿದ ಹೆಂಗಸಿಗೆ ಎಂಟನೇ ಅಧ್ಯಾಯ ಹೇಳೋ ಶಿಕ್ಷೆ ಊಟದ ಹೊತ್ತಲ್ಲಿ ಹೇಳೋ ಹಂಗಿಲ್ಲ. ಭಟ್ರು ಎದುರಿಗಿದ್ರೆ ಅವ್ರಿಗೆ ನಿಮಗಿಂತ ಜಾಸ್ತಿ ಗೊತ್ತಿರ್ತದೆ, ಒಂದು ಎಲೆ ಹಾಕಿದ್ರೆ ಇಡೀ ಇಸ್ಪೀಟಿನ ಕಟ್ಟು ಬಿಚ್ತಾರೆ. ಅದ್ರಿಂದ ಶ್ಲೋಕ ಬಿಟ್ಟು ಒಂದೇ ವಿಷಯ ಹಿಡ್ಕೊಳಿ: ಪ್ರಾಯಶ್ಚಿತ್ತ ಅನ್ನೋ ಪದ್ಧತಿ ಇರೋದೇ ಎಲ್ಲ ತಪ್ಪಿಗೂ ರಾಜನ ಹತ್ರ ಹೋಗ್ಬಾರ್ದು ಅಂತಲ್ವಾ ಅಂತ ಭಟ್ರನ್ನೇ ಕೇಳಿ.

ಯಕ್ಷಗಾನದ ಸ್ತ್ರೀವೇಷನೂ ಎಳೀಬೇಡಿ, ಮೋಹಿನಿ, ಬೃಹನ್ನಳೆ ಎಲ್ಲ. ನಾನು ಎಳೆದು ಪೆಟ್ಟು ತಿಂದಿದ್ದೀನಿ. "ಅದು ವೇಷ, ಬಣ್ಣ ತೊಳೆದ್ರೆ ಹೋತು" ಅಂತ ಒಂದೇ ಮಾತಲ್ಲಿ ಮುಗೀತದೆ, ಮೇಲಿಂದ ಸ್ತ್ರೀವೇಷ ಮಾಡೋ ಕಲಾವಿದರ ಬಗ್ಗೆ ಕೆಟ್ಟ ಜೋಕು ಶುರುವಾಗ್ತದೆ. ಹನ್ನೆರಡು ಜನ ಕೂತಲ್ಲಿ ಜೋಕಿಗೆ ನಗದೆ ಕತ್ತಿ ನೋಡ್ತಾ ಕೂತವ್ರೂ ಇರ್ಬಹುದು, ಅವ್ರ ಮುಖ ನೋಡ್ಬೇಡಿ, ಮಾತು ತಿರುಗಿಸಿ.

ದೊಡ್ಡಪ್ಪನ ಗಟ್ಟಿ ವಾದ ಒಂದಿದೆ, ಎಲ್ಲ ಬಿಟ್ಟುಬಿಟ್ರೆ ಸಮಾಜ ನಿಲ್ಲೋದು ಯಾವುದ್ರ ಮೇಲೆ ಅಂತ. ಇದನ್ನ ಹಳೇ ಕಾಲದ್ದು ಅಂತ ತಳ್ಳಿ ಹಾಕ್ಬೇಡಿ ಮಾರಾಯ್ರೆ, 1957ರಲ್ಲಿ ಇಂಗ್ಲೆಂಡಲ್ಲಿ ವುಲ್ಫೆಂಡನ್ ಅನ್ನೋ ಸರ್ಕಾರಿ ಸಮಿತಿ ಗಂಡಸು ಗಂಡಸಿನ ನಡುವೆ ಖಾಸಗಿಯಾಗಿ ಒಪ್ಪಿ ನಡೆಯೋದು ಅಪರಾಧ ಆಗ್ಬಾರ್ದು ಅಂದಾಗ ಡೆವ್ಲಿನ್ ಅನ್ನೋ ದೊಡ್ಡ ಜಡ್ಜ್ 1959ರಲ್ಲಿ ಎದ್ದು ನಿಂತು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಅದಕ್ಕೆ ಹಾರ್ಟ್ ಅನ್ನೋ ಪ್ರೊಫೆಸರ್ ಕೊಟ್ಟ ಉತ್ತರ, ಸಮಾಜದ ನೀತಿ ಬದಲಾಗೋದೂ ಸಮಾಜ ನಾಶ ಆಗೋದೂ ಒಂದೇ ಅಲ್ಲ ಅಂತ. 1967ರಲ್ಲಿ ಇಂಗ್ಲೆಂಡಿನವ್ರು ತಮ್ಮಲ್ಲಿದ್ದ ಕಾನೂನನ್ನ ತೆಗೆದ್ರು, ಅವ್ರು ಬಿಟ್ಟು ಹೋದ ಸೆಕ್ಷನ್ನನ್ನ ನಾವು ಇನ್ನೂ 51 ವರ್ಷ ಇಟ್ಕೊಂಡ್ವಿ.

ಆದ್ರೆ ಈ ಮಾತು ನನ್ನಜ್ಜಿ ಹೇಳಿದಷ್ಟು ಚೆನ್ನಾಗಿ ಯಾರೂ ಹೇಳ್ಲಿಲ್ಲ. ಅಜ್ಜಿಯ ಸಣ್ಣತ್ತೆ ಹದಿನಾರಕ್ಕೆ ಗಂಡನ್ನ ಕಳ್ಕೊಂಡು ತಲೆ ಬೋಳಿಸ್ಕೊಂಡು ಕೆಂಪು ಸೀರೆ ಉಟ್ಟು ಅದೇ ಮನೇಲಿ ಮುದುಕಿ ಆದೋರು. ವಿಧವೆ ಮದುವೆ ಆಗ್ಬಹುದು ಅಂತ ಕಾನೂನು 1856ರಲ್ಲೇ ಬಂದಿತ್ತು, ನಮ್ಮನೆ ಜಗಲಿ ತನಕ ಬಂದಿರ್ಲಿಲ್ಲ ಅಷ್ಟೇ. "ಆಗ್ಲೂ ಸಮಾಜ ಹಾಳಾಗ್ತು ಹೇಳೇ ಹೇಳ್ತಿದ್ದ" ಅಂದ್ಲು ಅಜ್ಜಿ, ದೊಡ್ಡಪ್ಪ ತಲೆ ಎತ್ಲಿಲ್ಲ. ನಿಮ್ಮನೇಲೂ ಇಂಥ ಅಜ್ಜಿ ಇದ್ರೆ ಅವಳನ್ನ ಮಾತಿಗೆ ಎಳೀರಿ, ನಿಮ್ಮ ಸೆಕ್ಷನ್ ನಂಬರಿಗಿಂತ ಅದು ಗಟ್ಟಿ.

ನಮ್ಮ ಕಡೆಯವ್ರು ಒಪ್ಪಿಕೊಳ್ಬೇಕಾದ್ದೂ ಇದೆ, ಅದನ್ನ ಮುಚ್ಚಿಟ್ರೆ ಸೋಲ್ತೀರಿ. 2018ರ ತೀರ್ಪು ಒಪ್ಪಿಗೆ ಇರೋ ವಯಸ್ಕರನ್ನ ಮಾತ್ರ 377ರಿಂದ ಬಿಟ್ಟಿದ್ದು, ಬಲಾತ್ಕಾರದ ಭಾಗ ಉಳಿದಿತ್ತು, ಹೊಸ ಸಂಹಿತೇಲಿ 377 ಪೂರ್ತಿ ಹೋಗಿದ್ದಕ್ಕೆ ವಯಸ್ಕ ಗಂಡಸಿನ ಮೇಲೆ ಬಲಾತ್ಕಾರ ಆದ್ರೆ ಹಾಕೋಕೆ ಅಂಥ ಸೆಕ್ಷನ್ ಇಲ್ಲ. ಇದು ದೊಡ್ಡ ತೂತು. ಇನ್ನು ಸಂಪ್ರದಾಯ ಅಂದ ಕೂಡ್ಲೇ ಕಾನೂನು ಹೊರಗಿರ್ಬೇಕು ಅಂತಲೂ ಅಲ್ಲ, ಕರ್ನಾಟಕ 1982ರಲ್ಲಿ ಹುಡುಗೀರನ್ನ ದೇವದಾಸಿ ಅಂತ ದೇವರಿಗೆ ಬಿಡೋದನ್ನ ಅಪರಾಧ ಮಾಡಿದ್ದು ಸರಿಯೇ, ಅಲ್ಲಿ ಒಪ್ಪಿಗೆ ಕೇಳದೆ ಒಂದು ಹುಡುಗಿಯ ಜೀವನ ಹೋಗ್ತಿತ್ತು. ಹಂಗೇ ಬಹಿಷ್ಕಾರ. 1949ರಲ್ಲಿ ಬಾಂಬೆ ಸರ್ಕಾರ ಜಾತಿಯಿಂದ ಹೊರಗೆ ಹಾಕೋದನ್ನೇ ಅಪರಾಧ ಮಾಡಿತ್ತು, ಆಗ ನಮ್ಮ ಜಿಲ್ಲೆ ಬಾಂಬೆಗೇ ಸೇರಿತ್ತು, 1962ರಲ್ಲಿ ಸುಪ್ರೀಂ ಕೋರ್ಟ್ ಅದು ಧಾರ್ಮಿಕ ಪಂಗಡದ ಹಕ್ಕಿಗೆ ಅಡ್ಡ ಬರ್ತದೆ ಅಂತ ಹೊಡೆದು ಹಾಕ್ತು. ಜೈಲು ತೆಗೆದ್ರೂ ಊರು ನೀರು ನಿಲ್ಲಿಸಿದ್ರೆ ಏನು ಬಂತು ಅಂತ ನಂಗೆ ಅದ್ರ ಬಗ್ಗೆ ಸಿಟ್ಟಿದೆ.

ಕೊನೆಗೊಂದು ಪರೀಕ್ಷೆ, ಎರಡೂ ಕಡೆಗೂ. ನಿಮ್ಮ ಮಾತು ಪಕ್ಕದ ಮನೆಗೂ ಒಪ್ತದಾ? 497 ಹೋಗಿದ್ದಕ್ಕೆ ಖುಷಿ ಪಟ್ಟವ್ರು 2019ರಲ್ಲಿ ತ್ರಿವಳಿ ತಲಾಖ್‌ಗೆ ಮೂರು ವರ್ಷದ ತನಕ ಜೈಲು ಬಂದಾಗ ಏನಂದ್ರು, ಕಾನೂನು ಮನೆ ಒಳಗೆ ಬರ್ಬೇಕು ಅನ್ನೋರು ಶಬರಿಮಲೆಗೆ ಏನಂದ್ರು, ಕೇಳಿ ನೋಡಿ. ಆ ಮೂರೂ ತೀರ್ಪಿನ ಪೀಠದಲ್ಲಿದ್ದ ಜಸ್ಟಿಸ್ ಇಂದು ಮಲ್ಹೋತ್ರಾ 377ಕ್ಕೂ 497ಕ್ಕೂ ಬಹುಮತದ ಜೊತೆ ಇದ್ದು ಶಬರಿಮಲೆಗೆ ಮಾತ್ರ ಭಿನ್ನಮತ ಬರೆದ್ರು. ದೊಡ್ಡಪ್ಪಂಗೆ ಇದನ್ನ ಹೇಳಿದ ದಿನದಿಂದ ನಮ್ಮನೇಲಿ ಆ ಜಡ್ಜಮ್ಮನ ಹೆಸ್ರಿಗೆ ಭಾರಿ ಮರ್ಯಾದೆ.

ಹೋದ ಸೀಸನ್ನಲ್ಲಿ ದೊಡ್ಡಪ್ಪ ತಾವಾಗಿಯೇ "ಜೈಲು ಬ್ಯಾಡ. ಆದ್ರೆ ಮದ್ವೆ ಹೇಳಿ ಕಾಗ್ದ ಕೊಡಲಾಗ" ಅಂದ್ರು. 2023ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟೂ ಆ ಮದುವೆಗೆ ಮಾನ್ಯತೆ ಕೊಡದೆ ಅದು ಸಂಸತ್ತಿನ ಕೆಲಸ ಅಂತ ಬಿಟ್ಟಿದೆ, ಹಂಗಾಗಿ ಅವ್ರು ನಿಂತಿರೋದು ಕೋರ್ಟ್ ನಿಂತ ಜಾಗದ ಹತ್ರವೇ. ನಾನು ಒಪ್ಪಿಲ್ಲ. ಗಂಟೆ ಹನ್ನೊಂದಾಗಿತ್ತು, ಇನ್ನೂ ಒಂದೂವರೆ ಬುಟ್ಟಿ ಅಡಿಕೆ ಬಾಕಿ ಇತ್ತು, "ಬಾಕಿದ್ದು ನಾಳೆಗೆ" ಅಂತ ದೊಡ್ಡಪ್ಪ ಲೈಟ್ ಆಫ್ ಮಾಡಿದ್ರು.