ಎಂಜಿನ್ ಮುಟ್ಟದೆ ಆರು ಸೆಷನ್ ಓಡಿಸಿದೆ: ನನ್ನ ಟ್ರ್ಯಾಕ್ ಡೇ ಅನುಭವ

ಮೊನ್ನೆಯ ಟ್ರ್ಯಾಕ್ ಡೇಯಲ್ಲಿ (ಫೀ ಕಟ್ಟಿ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಸರದಿಯ ಮೇಲೆ ಓಡಿಸುವ ದಿನ) ಆರಕ್ಕೆ ಆರೂ ಸೆಷನ್ ಓಡಿಸಿ, ಅದೇ ಕಾರಲ್ಲಿ ಮನೆಗೆ ಬಂದೆ. ಎಂಜಿನ್ ಮುಟ್ಟಿಲ್ಲ, ಸಸ್ಪೆನ್ಷನ್ ಕಾರಿನ ಜೊತೆ ಬಂದದ್ದೇ, ಟೈರೂ ದಿನಾ ಓಡಾಡುವ ರೋಡ್ ಟೈರೇ. 'ಇದರಲ್ಲಿ ಮೂರನೇ ಸೆಷನ್ ದಾಟಲ್ಲ ಗುರು, ಸುಮ್ನೆ ದುಡ್ಡು ಹಾಳು' ಅಂದಿದ್ದ ಗೆಳೆಯ ಸಂಜೆ ಬಂದು ನನ್ನ ಬ್ರೇಕ್ ಪೆಡಲ್ ಒತ್ತಿ ನೋಡಿದ. 'ಯಾವ ಪ್ಯಾಡ್ ಹಾಕಿದೀಯ?' ಅಂತಷ್ಟೇ ಕೇಳಿದ.

ಮೊದಲ ಸಲ ನಾನೂ ಎಲ್ಲರ ಹಾಗೆ ಎಕ್ಸಾಸ್ಟ್, ಏರ್ ಫಿಲ್ಟರ್, ಅಗಲದ ಅಲಾಯ್ ಅಂತ ದುಡ್ಡು ಸುರಿದಿದ್ದೆ. ಆ ದುಡ್ಡಿಗೆ ನಾಲ್ಕು ಟ್ರ್ಯಾಕ್ ಡೇ ಫೀ ಕಟ್ಟಬಹುದಿತ್ತು. ಮೂರನೇ ಸೆಷನ್, ಉದ್ದನೆಯ ನೇರ ದಾರಿ ಮುಗಿಯುವ ಕಡೆ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಎರಡು ಚಕ್ರ ಜಲ್ಲಿಗೆ ಇಳಿದು ಕಾರು ನಿಂತಿತು. ಮನೆಗೆ ಬಂದು ಬ್ಲೀಡ್ ಮಾಡುವಾಗ, ಅಂದರೆ ಹಳೆಯ ಬ್ರೇಕ್ ಆಯಿಲ್ ಹೊರಗೆ ಬಿಡುವಾಗ, ಪಾರದರ್ಶಕ ಪೈಪಿನಲ್ಲಿ ಕಡು ಕಂದು ಬಣ್ಣದ ಆಯಿಲ್, ಅದರ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬಂದವು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನನ್ನದು ಎಷ್ಟು ವರ್ಷದ್ದೋ!

ಎರಡನೇ ಸಲ ಆಯಿಲ್ ಮಾತ್ರ ಬದಲಿಸಿದೆ, ಡಿಸ್ಕ್ ಅನ್ನು ಒತ್ತಿ ಹಿಡಿಯುವ ಪ್ಯಾಡ್ ಹಳೆಯವೇ. ಈ ಸಲ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಆದರೆ ಕಾರು ನಿಲ್ಲಲೊಲ್ಲದು. ಒಳಗೆಲ್ಲ ಸುಟ್ಟ ವಾಸನೆ. ಪೆಡಲ್ ಕುಸಿದರೆ ಆಯಿಲ್, ಪೆಡಲ್ ಗಟ್ಟಿಯಿದ್ದೂ ಹಿಡಿತ ಇಲ್ಲದಿದ್ದರೆ ಪ್ಯಾಡ್. ಇಷ್ಟು ಕಲಿಯಲು ಒಂದು ಜೊತೆ ಡಿಸ್ಕ್ ಬಲಿ ಕೊಟ್ಟೆ.

ಹಾಗಾಗಿ ಈ ಸಲ ಇದ್ದ ದುಡ್ಡೆಲ್ಲ ಎರಡಕ್ಕೇ ಹೋಯಿತು: 300 ಡಿಗ್ರಿ ದಾಟಿದ ಮೇಲೆ ಕುದಿಯುವ ರೇಸಿಂಗ್ ಆಯಿಲ್, ಟ್ರ್ಯಾಕ್ ಪ್ಯಾಡ್. ಪ್ಯಾಡ್ ಬೆಡ್ ಮಾಡುವುದರಲ್ಲಿ, ಅಂದರೆ ಹೊಸ ಪ್ಯಾಡನ್ನು ಡಿಸ್ಕ್‌ಗೆ ಹೊಂದಿಸುವುದರಲ್ಲಿ, ಅವಸರ ಬೇಡ. ಖಾಲಿ ರಸ್ತೆಯಲ್ಲಿ ಹತ್ತು ಸಲ, ವೇಗವನ್ನು ಹೆಚ್ಚುಕಡಿಮೆ 100 ಕಿ.ಮೀ.ಯಿಂದ 30ಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು. ಆಮೇಲೆ ತಣ್ಣಗಾಗುವವರೆಗೆ ಬ್ರೇಕ್ ಮುಟ್ಟದೆ ಓಡಿಸಬೇಕು. ಹಿಂದೊಮ್ಮೆ ನಡುವೆ ಸಿಗ್ನಲ್‌ನಲ್ಲಿ ಪೆಡಲ್ ಒತ್ತಿಕೊಂಡು ನಿಂತಿದ್ದೆ. ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಮೂಡಿ, ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತಿತ್ತು.

ಅಡ್ಡ ಪ್ರಯೋಗಗಳನ್ನೂ ಮಾಡಿದ್ದೇನೆ. ಫಾಗ್ ಲ್ಯಾಂಪ್ ತೆಗೆದು, ಆ ತೂತಿನಿಂದ ಡಿಸ್ಕ್‌ಗೆ ಗಾಳಿ ಹೋಗಲಿ ಅಂತ ಅಲ್ಯುಮಿನಿಯಂ ಪೈಪ್ ಕಟ್ಟಿದೆ. ಎರಡನೇ ಸೆಷನ್‌ನಲ್ಲೇ ಕಳಚಿ ಟೈರಿಗೆ ಉಜ್ಜಿತು, ಕಿತ್ತು ಬಿಸಾಕಿದೆ. ಹಿಂದಿನ ಸೀಟು, ಸ್ಟೆಪ್ನಿ ಸೇರಿ ಸುಮಾರು 40 ಕಿಲೋ ಇಳಿಸಿಯೂ ನೋಡಿದೆ. ಲ್ಯಾಪ್ ಟೈಮ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಜೋರು ಬ್ರೇಕ್‌ನಲ್ಲಿ ಹಿಂಭಾಗ ಮಾತ್ರ ಅಲ್ಲಾಡತೊಡಗಿತು. ಈಗ ಸೀಟು ಇರುತ್ತದೆ. ಸ್ಟೆಪ್ನಿ, ಜಾಕ್, ಮ್ಯಾಟ್ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಇಳಿಸುತ್ತೇನೆ.

ಟೈರ್ ಗಾಳಿಗೆ ಬಿಸಿಯಲ್ಲಿ ನೋಡಿದ್ದೇ ಲೆಕ್ಕ. ನನ್ನ ಕಾರಲ್ಲಿ ಏಳೆಂಟು ಪಿಎಸ್ಐ ಏರುತ್ತದೆ, ಪಿಟ್‌ಗೆ ಬಂದ ಕೂಡಲೇ ಅಳೆದು ಹೆಚ್ಚಾದ ಗಾಳಿ ಬಿಡುತ್ತೇನೆ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದಿದ್ದರೆ ತಿರುವಿನಲ್ಲಿ ಟೈರ್ ಎಷ್ಟು ಮಗುಚಿದೆ ಅಂತ ಅದೇ ಹೇಳುತ್ತದೆ. ಹಿಂಬದಿ ಟೈರಿನ ಗಾಳಿಯ ಅಂಕಿ ಮಾತ್ರ ನಾನು ಹೇಳಲ್ಲ, ಅದನ್ನು ಹುಡುಕಲು ನನಗೆ ಎರಡು ವರ್ಷ ಹಿಡಿದಿದೆ.

ವೀಲ್ ನಟ್‌ಗಳನ್ನು ಪ್ರತಿ ಸೆಷನ್ ಆದ ಮೇಲೆ, ಚಕ್ರ ಆರಿದಾಗ, ಟಾರ್ಕ್ ರೆಂಚ್‌ನಿಂದ ನೋಡಲೇಬೇಕು. ಈ ಸಲವೂ ಒಂದು ನಟ್ ಕಾಲು ಸುತ್ತು ತಿರುಗಿತು. ಪೆಟ್ರೋಲ್ ಕಾಲು ಟ್ಯಾಂಕ್‌ಗಿಂತ ಇಳಿದರೆ ಉದ್ದನೆಯ ತಿರುವಿನಲ್ಲಿ ನನ್ನ ಎಂಜಿನ್ ಕೆಮ್ಮುತ್ತದೆ, ಆದ್ದರಿಂದ ಕ್ಯಾನ್ ಜೊತೆಗಿರುತ್ತದೆ. ಬ್ರೇಕ್ ಆರಲಿ ಅಂತ ಕೊನೆಯ ಲ್ಯಾಪ್ ನಿಧಾನ ಓಡಿಸುತ್ತೇನೆ, ಬ್ರೇಕ್ ಮುಟ್ಟಲ್ಲ. ಪಿಟ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಮರದ ತುಂಡು ಇಡುತ್ತೇನೆ.

ಕಾರಿಗಿಂತ ಮೊದಲು ಸೋಲುವುದು ಮೈ. ಹಿಂದಿನ ಸಲ ನಾಲ್ಕನೇ ಸೆಷನ್‌ನಲ್ಲಿ ಬ್ರೇಕ್ ಹಾಕುವ ಗುರುತನ್ನೇ ದಾಟಿಬಿಟ್ಟೆ. ರಾತ್ರಿ ನಿದ್ದೆ ಇರಲಿಲ್ಲ, ಬೆಳಗಿನಿಂದ ಒಂದು ಬಾಟಲಿ ನೀರೂ ಕುಡಿದಿರಲಿಲ್ಲ. ಈಗ ಹಿಂದಿನ ದಿನದಿಂದಲೇ ನೀರು ಕುಡಿಯಲು ಶುರು ಮಾಡುತ್ತೇನೆ. 20 ನಿಮಿಷದ ಸೆಷನ್ ಇದ್ದರೂ 15ಕ್ಕೆ ಒಳಗೆ ಬರುತ್ತೇನೆ. ಹೆಲ್ಮೆಟ್ ಹಾಕಿಕೊಂಡು ಮನೆಯಲ್ಲೇ ಒಮ್ಮೆ ಕಾರಲ್ಲಿ ಕೂತು ನೋಡಿ. ನನ್ನದು ಮೇಲೆ ತಾಗುತ್ತಿತ್ತು, ಸೀಟು ಇಳಿಸಿದೆ. ಬೆನ್ನು ಸೀಟಿಗೆ ಒರಗಿರುವಾಗ ಮಣಿಕಟ್ಟು ಸ್ಟೇರಿಂಗಿನ ನೆತ್ತಿಯ ಮೇಲೆ ಕೂರಬೇಕು. ಹೆಲ್ಮೆಟ್ ಕೊಳ್ಳುವಾಗ, ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆ ಕಾರ್ ರೇಸಿಂಗ್‌ಗೆ ಕೊಡುವ ಎಸ್ಎ ಮುದ್ರೆಯದನ್ನೇ ಕೊಳ್ಳಿ. ಬೈಕಿನ ಎಂ ಮುದ್ರೆಯದಕ್ಕೆ ಬೆಂಕಿಯ ಪರೀಕ್ಷೆ ಇರುವುದಿಲ್ಲ.

ನಿನ್ನೆ ಚಕ್ರ ಬಿಚ್ಚಿ ನೋಡಿದೆ. ಹೊಸದಿದ್ದಾಗ ಸುಮಾರು 11 ಮಿಲಿಮೀಟರ್ ಇದ್ದ ಮುಂದಿನ ಪ್ಯಾಡ್ ಈಗ 7ರ ಆಸುಪಾಸು ಇದೆ. ಡಿಸ್ಕ್‌ನಲ್ಲಿ ಕೂದಲೆಳೆಯ ಬಿರುಕೂ ಇಲ್ಲ. ಇನ್ನೊಂದು ಟ್ರ್ಯಾಕ್ ಡೇಗೆ ಇವೇ ಸಾಕು, ಆಯಿಲ್ ಮಾತ್ರ ಹೊಸ ಡಬ್ಬಿ ಒಡೆಯುತ್ತೇನೆ.